ಒಂದು ಮುಖ ಮಾತ್ರ ದೊಡ್ಡದು ಮಾಡಿ

ತೀನ್ ಕಂದೀಲ್ ಹತ್ತಿರ, ರಾಯಚೂರು
9 ನವೆಂಬರ್ 2023

ನಾಗವೇಣಿ ಟೀಚರ್ ಅವರಿಗೆ, ಸ್ಟುಡಿಯೋ ಹಫೀಜನ ಸಲಾಮು.

ಜಾಲಹಳ್ಳಿ ಬಸ್ಸಿನ ಕಂಡಕ್ಟರ್ ಗಡಿಗೆಪ್ಪನ ಕೈಲಿ ನೀವು ಕಳಿಸಿದ ಮೂರನೆಯ ರೀಲು ಮುಟ್ಟಿತು. ತೊಳೆದು ಪ್ರಿಂಟು ಹಾಕಿದ್ದೇನೆ. ಆದರೆ ಅವು ಇನ್ನೂ ನನ್ನ ಮೇಜಿನ ಮೇಲೇ ಇವೆ. ಕಳಿಸುವ ಮೊದಲು ನಿಮ್ಮಿಂದ ಒಂದು ಖುಲಾಸೆ ಬೇಕು. ಫೋನ್ ಮಾಡಿ ಕೇಳೋಣವೆಂದರೆ ನೀವು ನಂಬರು ಕೊಟ್ಟಿಲ್ಲ. ಅನುಮಾನಕ್ಕೆ ಅದೂ ಒಂದು ಕಾರಣ. ಇರಲಿ, ಕಾಗದವೇ ಒಳ್ಳೆಯದು. ಫೋನಿನಲ್ಲಿ ಆಡಿದ್ದನ್ನು ಮರುದಿನ ಇಲ್ಲ ಎನ್ನಬಹುದು.

ಮೊದಲು ಖುಷಿಯ ಮಾತು. ಊರಿಗೆಲ್ಲ ಮೊಬೈಲು ಬಂದ ಮೇಲೆ ನನ್ನ ಕಸಬು ಪಾಸ್‌ಪೋರ್ಟ್ ಸೈಜಿಗೆ ಇಳಿದಿತ್ತು. ಕತ್ತಲೆಕೋಣೆಯಲ್ಲಿ ಹೆಂಡತಿ ಈರುಳ್ಳಿ ಹರವುತ್ತಿದ್ದಳು. ನಿಮ್ಮ ಮೊದಲ ರೀಲು ಬಂದ ದಿನ ಈರುಳ್ಳಿ ಹೊರಗೆ ಹಾಕಿ ಕೆಂಪು ಬಲ್ಬು ಹಚ್ಚಿದೆ. ಔಷಧಿಯ ತಟ್ಟೆಯಲ್ಲಿ ಕಾಗದವನ್ನು ಅಲುಗಿಸುತ್ತ ನಿಂತರೆ ಮೊದಲು ಕೂದಲು ಮೂಡುತ್ತದೆ, ಆಮೇಲೆ ಕಣ್ಣು, ಎಲ್ಲಕ್ಕಿಂತ ಕೊನೆಗೆ ಕೆನ್ನೆ. ಎಷ್ಟು ವರ್ಷ ನೋಡಿದರೂ ಆ ಹೊತ್ತಿಗೆ ಉಸಿರು ಹಿಡಿದುಕೊಳ್ಳುತ್ತೇನೆ. ಮರೆತೇಹೋಗಿದ್ದ ಈ ಸುಖವನ್ನು ನೀವು ತಿರುಗಿ ತಂದುಕೊಟ್ಟಿರಿ, ಸುಳ್ಳು ಹೇಳಲಾರೆ.

ಇನ್ನು ಅನುಮಾನದ ಮಾತು. ಕಿಸೆಯಲ್ಲಿ ಮೊಬೈಲ್ ಇಟ್ಟುಕೊಂಡು ಯಾರಾದರೂ ರೀಲು ಹಾಕುತ್ತಾರೆಂದರೆ ಒಂದೋ ಅವರಿಗೆ ಹುಚ್ಚು, ಇಲ್ಲವೋ ಮೊಬೈಲಿನಲ್ಲಿ ಉಳಿಯಬಾರದ್ದು ಏನೋ ಇದೆ. ನಿಮ್ಮ ರೀಲಿನಲ್ಲಿ ಶಾಲೆಯ ಮಕ್ಕಳಿದ್ದಾರೆ, ಕಾಲುವೆಯಲ್ಲಿ ಮೈಬಿಟ್ಟ ಎಮ್ಮೆಗಳಿವೆ. ಅವೆಲ್ಲ ಸರಿ. ಆದರೆ ಮೂರರಲ್ಲೂ ಮಾನ್ವಿಯ ಅದೇ ಮನೆ ಯಾಕೆ? ಕಬ್ಬಿಣದ ಗೇಟು, ಹಿಂದೆ ಅಕ್ಕಿ ಗಿರಣಿಯ ಹೊಟ್ಟಿನ ಗುಡ್ಡೆ, ಗಿರಣಿಯ ಬೋರ್ಡಿನ ಮೇಲೆ ಮಾನ್ವಿಯ ಹೆಸರು. ಮಾಳಿಗೆಯ ಮೇಲೆ ಅದೇ ಹೆಣ್ಣುಮಗಳು. ಒಮ್ಮೆ ಬಟ್ಟೆ ಹಿಂಡುತ್ತಾಳೆ, ಒಮ್ಮೆ ಮೆಣಸಿನಕಾಯಿ ಹರವುತ್ತಾಳೆ, ಒಂದರಲ್ಲೂ ಕ್ಯಾಮೆರಾದ ಕಡೆ ನೋಡಿಲ್ಲ. ಒಂದರಲ್ಲಿ ಗೇಟಿನ ಮುಂದೆ ಮೋಟರ್ ಸೈಕಲ್ ಮೇಲೆ ಒಬ್ಬ ಗಂಡಸು. ಎಲ್ಲವೂ ದೂರದಿಂದ, ಚಹಾದಂಗಡಿಯ ತಟ್ಟಿಯ ಮರೆಯಿಂದ ತೆಗೆದವು; ತಟ್ಟಿಯ ಅಂಚು ಮೂಲೆಯಲ್ಲಿ ಬಂದಿದೆ.

ಅವರಿಗೆ ಇದು ಗೊತ್ತಿದೆಯೇ? ಒಬ್ಬರ ಮನೆ ಹಾಳಾಗುವ ಕೆಲಸಕ್ಕೆ ನನ್ನ ಕೈ ಹತ್ತಬಾರದು.

ಜವಾಬಿನ ದಾರಿ ನೋಡುವ,
ಹಫೀಜ್


ಜಾಲಹಳ್ಳಿ, ದೇವದುರ್ಗ ತಾಲ್ಲೂಕು
17 ನವೆಂಬರ್ 2023

ಹಫೀಜ್ ಸಾಹೇಬರಿಗೆ,

ಇಸ್ತ್ರಿಗೆ ಕೊಟ್ಟ ಬಟ್ಟೆಯ ಕಿಸೆ ತಡಕಿದ ಹಾಗಾಯಿತು ನಿಮ್ಮ ಕಾಗದ. ರೀಲು ತೊಳೆಯಲು ಕೊಟ್ಟಿದ್ದೆನೇ ಹೊರತು ವಿಚಾರಣೆಗೆ ಕೊಟ್ಟಿರಲಿಲ್ಲ.

ನೀವೊಬ್ಬರೇ ಅನುಮಾನದ ಮನುಷ್ಯರೆಂದು ತಿಳಿಯಬೇಡಿ. ನಿಮ್ಮ ಗಾಜಿನ ಕಪಾಟಿನಲ್ಲಿ ಮಾನ್ವಿಯ ಗಿರಣಿ ಮನೆತನದ ಮದುವೆ ಆಲ್ಬಮ್ ಇರುವುದನ್ನು ಮೊದಲ ದಿನವೇ ನೋಡಿದ್ದೇನೆ. ಆ ಜನರಲ್ಲಿ ನಿಮಗೆ ಎಷ್ಟು ಬಳಕೆಯೋ ಏನೋ. ಅದು ಗೊತ್ತಾಗುವವರೆಗೆ ಆ ಹೆಣ್ಣುಮಗಳು ಯಾರೆಂದು ಹೇಳುವುದಿಲ್ಲ. ಅವಳಿಗೆ ನನ್ನಿಂದ ಕೇಡಿಲ್ಲ, ಅಷ್ಟು ಸಾಕು. ಅಂದಹಾಗೆ, ಎರಡನೆಯ ರೀಲಿನಲ್ಲಿ ಮೊದಲ ನೆಗೆಟಿವ್ ಇಲ್ಲ. ಕತ್ತರಿಸಿ ಇಟ್ಟುಕೊಂಡಿರಾ? ಯಾರಿಗಾದರೂ ತೋರಿಸಲಿಕ್ಕಾ?

ಹುಚ್ಚಿನ ಮಾತಿಗೆ ಬಂದರೆ, ಹೌದು, ಹುಚ್ಚೇ. ಈ ಕ್ಯಾಮೆರಾ ನಮ್ಮಪ್ಪ ರಾಮಲಿಂಗಪ್ಪನದು. ಕೂಲಿ ಬಿಟ್ಟು ತಾಲ್ಲೂಕು ಕಚೇರಿಯಲ್ಲಿ ಜವಾನನಾದ ವರ್ಷ ಕೊಂಡದ್ದು. ಸ್ಟುಡಿಯೋ ಮೆಟ್ಟಿಲು ಎಂದೂ ಹತ್ತದ ನಮ್ಮ ಓಣಿಯ ಜನರನ್ನು ಭಾನುವಾರಕ್ಕೊಮ್ಮೆ ಗೋಡೆಗೆ ನಿಲ್ಲಿಸಿ ತೆಗೆಯುತ್ತಿದ್ದ. ಅಪ್ಪ ಹೋದ ಮೇಲೆ ಅದು ಅವ್ವನ ಹಳೆ ಸೀರೆಯಲ್ಲಿ ಸುತ್ತಿ ಕೂತಿತ್ತು. ಮೊಬೈಲ್ ಎತ್ತಿ ಹಿಡಿದರೆ ಬೀದಿಯೆಲ್ಲ ತಿರುಗಿ ನೋಡುತ್ತದೆ. ಇದನ್ನು ಹಿಡಿದರೆ "ಪಾಪ, ಸಾಲಿ ಟೀಚರ್ರು, ಏನೋ ತಗೀತಾರ ಬಿಡು" ಎಂದು ನಕ್ಕು ದಾರಿ ಬಿಡುತ್ತಾರೆ. ಅದಕ್ಕೇ ಹಿಡಿದದ್ದು. ಆಮೇಲೆ ಬಿಡಲಾಗಲಿಲ್ಲ.

ಒಮ್ಮೆ ಮೊಬೈಲಿನಲ್ಲೂ ತೆಗೆದಿದ್ದೆ. ಅವ್ವ ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು, ಮುಖ ಚೌಕ ಚೌಕವಾಗಿ ಒಡೆದು ಯಾರದೂ ಅಲ್ಲದ ಮುಖವಾಯಿತು. ರೀಲಿನಲ್ಲಿ ಹಾಗಲ್ಲ. ಗುಂಡಿ ಒತ್ತಿದ ಮೇಲೆ ನೋಡಲು ಏನೂ ಇಲ್ಲ. ಶಾಲೆಯ ಮಕ್ಕಳು ಕ್ಯಾಮೆರಾದ ಬೆನ್ನು ನೋಡಿ "ಟೀಚರ್, ಫೋಟೋ ಎಲ್ಲಿ ಹೋತ್ರಿ?" ಎಂದು ಕೇಳುತ್ತವೆ. ನಿಮ್ಮ ಚೀಲ ಬರುವವರೆಗೆ ಅದು ನನ್ನ ತಲೆಯೊಳಗೆ ಇರುತ್ತದೆ. ಅವಳು ಈ ಕಡೆ ತಿರುಗಿದ್ದಳೇ? ಸೆರಗು ಅಡ್ಡ ಬಂತೇ? ಅನ್ನಕ್ಕೆ ಎಸರಿಡುವಾಗ, ಹಾಜರಿ ಕೂಗುವಾಗ ಅದನ್ನೇ ನೆನೆಯುತ್ತೇನೆ. ಅವ್ವ ದಿನಾ ಸಂಜೆ "ಬಸ್ಸಿಗೆ ಬಂತೇನು?" ಎಂದು ಕೇಳುತ್ತಾಳೆ. ನಮ್ಮ ಮನೆಯಲ್ಲಿ ಹೀಗೆ ಕಾಯಲು ಬೇರೆ ಏನೂ ಇರಲಿಲ್ಲ.

ಪ್ರಿಂಟು ಕಳಿಸಿ.

ನಾಗವೇಣಿ


ರಾಯಚೂರು
4 ಡಿಸೆಂಬರ್ 2023

ಟೀಚರ್ ಅವರಿಗೆ,

ಪ್ರಿಂಟು ಕಳಿಸಿದ್ದೇನೆ. ನೀವು ಕೇಳಿದ ನೆಗೆಟಿವ್ ಕೂಡ ಇದರಲ್ಲಿದೆ, ಬೆಳಕಿಗೆ ಹಿಡಿದು ನೋಡಿ: ಪೂರ್ತಿ ಕಪ್ಪು. ರೀಲು ಹಾಕುವಾಗ ಬಿಸಿಲು ಬಿದ್ದಿದೆ. ಹೋದ ಸಲ ಅದನ್ನು ಕಸಕ್ಕೆ ಹಾಕಿದ್ದೆ, ನಿಮ್ಮ ಕಾಗದ ಓದಿ ಕಸದಿಂದ ಹೆಕ್ಕಿದೆ. ಸಮಾಧಾನವಾಯಿತೇ?

ಆ ಆಲ್ಬಮ್ಮಿನ ಹಕೀಕತ್ತೂ ಕೇಳಿ. ಎಷ್ಟೋ ವರ್ಷದ ಹಿಂದಿನ ಮದುವೆ; ಒಯ್ಯಲು ಯಾರೂ ಬರಲಿಲ್ಲ. ಅದಕ್ಕೇ ಕಪಾಟಿನಲ್ಲಿದೆ. ಆ ಜನ ನನಗೆ ಎದುರು ಸಿಕ್ಕರೂ ಗುರುತು ಹತ್ತುವುದಿಲ್ಲ.

ನಿಮ್ಮ ಮೇಲಿನ ಶಕ್ ನನಗೆ ಹೋಗಿಲ್ಲ. ಆದರೆ ಕೆಲಸ ಕೆಡುವುದನ್ನು ನೋಡಲಾಗದೆ ಹೇಳುತ್ತೇನೆ: ನೀವು ಬಿಸಿಲಿಗೆ ಎದುರಾಗಿ ನಿಲ್ಲುತ್ತೀರಿ, ಅದಕ್ಕೇ ಮುಖ ಕಪ್ಪಾಗುತ್ತದೆ. ಬಿಸಿಲು ಇಳಿದ ಮೇಲೆ ಹೋಗಿ. ಉಸಿರು ಬಿಟ್ಟು ಗುಂಡಿ ಒತ್ತಿ, ಎಳೆದುಕೊಂಡು ಅಲ್ಲ. ಇಷ್ಟು ಬರೆದ ಮೇಲೆ ಹೊಳೆಯಿತು, ನಾನೇ ನಿಮಗೆ ಕದ್ದು ನೋಡುವುದನ್ನು ಕಲಿಸುತ್ತಿದ್ದೇನೆ. ಬರೆದದ್ದನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ.

ಹಫೀಜ್


ಜಾಲಹಳ್ಳಿ
18 ಮಾರ್ಚ್ 2024

ಹಫೀಜ್ ಸಾಹೇಬರಿಗೆ,

ಇದರ ಜೊತೆಗಿನ ರೀಲಿನಲ್ಲಿ ಮಾಳಿಗೆ ಖಾಲಿ ಇದೆ. ಅವಳಿಲ್ಲ. ಎರಡು ಸಲ ಹೋದೆ, ಎರಡು ಸಲವೂ ಇಲ್ಲ. ಏನೂ ಕೇಳಬೇಡಿ, ನನಗೇ ಗೊತ್ತಿಲ್ಲ.

ಒಂದು ಕೆಲಸ ಆಗಬೇಕು. ಜನವರಿಯ ರೀಲಿನಲ್ಲಿ ಗಿರಣಿ ಪೂಜೆಯ ದಿನ ಅಂಗಳದಲ್ಲಿ ನಿಂತ ಹೆಂಗಸರ ಗುಂಪು ಇದೆಯಲ್ಲ, ಅದೊಂದರಲ್ಲಿ ಅವಳ ಮುಖ ಇತ್ತ ತಿರುಗಿದೆ. ಅದರ ನೆಗೆಟಿವ್ ಇದರಲ್ಲೇ ಇಟ್ಟಿದ್ದೇನೆ. ಆ ಒಂದು ಮುಖ ಮಾತ್ರ ದೊಡ್ಡದು ಮಾಡಿ. ಚೌಕಟ್ಟು ಹಾಕಿಸಿ ಕಳಿಸಿ. ಅವ್ವನಿಗಾಗಿ. ಜಲ್ದಿ ಬೇಕು.

ನಾಗವೇಣಿ


ರಾಯಚೂರು
2 ಏಪ್ರಿಲ್ 2024

ನಾಗವೇಣಿಯವರಿಗೆ,

ನಾನು ಏನೂ ಕೇಳುವುದಿಲ್ಲ. ಅರ್ಥವಾಯಿತು.

ನೀವು ಹೇಳಿದ ಫೋಟೋ ಈ ಪಾರ್ಸಲಿನಲ್ಲಿದೆ. ರಾಯಚೂರಿನ ಈ ಬಿಸಿಲಿಗೆ ನಲ್ಲಿಯ ನೀರೇ ಕುದಿಯುತ್ತದೆ, ಔಷಧಿ ಕಾದರೆ ಚಿತ್ರ ಕೆಡುತ್ತದೆ. ಮೀನಿನ ಬಜಾರದಿಂದ ಐಸು ತಂದು ತಟ್ಟೆಯ ಸುತ್ತ ಇಟ್ಟು ಮಾಡಿದೆ. ಪಕ್ಕದ ಹೆಂಗಸರನ್ನು ತೆಗೆದು ಹಿಂದೆ ಬಿಳಿ ಮೋಡದಂತೆ ಮಾಡಿದ್ದೇನೆ. ಕಣ್ಣಿನ ಕೆಳಗಿನ ನೆರಳನ್ನು ಕೈಯಿಂದಲೇ ತಿಳಿ ಮಾಡಿದೆ. ಹಾರ ಹಾಕಲು ಚೌಕಟ್ಟಿಗೆ ಎರಡು ಕೊಂಡಿ ಇವೆ. ತಾರೀಕು ನನಗೆ ಗೊತ್ತಿಲ್ಲ. ಕೆಳಗೆ ಜನನ, ಮರಣ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ.

ಆ ಮನೆಯಲ್ಲಿ ಏನು ನಡೆದಿದೆಯೆಂದು ನನಗೊಂದು ಅನುಮಾನವಿದೆ. ನಾಲ್ಕು ತಿಂಗಳು ಮಾಳಿಗೆಯ ಮೇಲೆ ಓಡಾಡಿದ ಹುಡುಗಿ ಒಮ್ಮೆಲೇ ಇಲ್ಲವಾಗುತ್ತಾಳೆಂದರೆ ಅದು ಸಹಜ ಸಾವಲ್ಲ. ನೀವು ಪೊಲೀಸ್ ಠಾಣೆಗೆ ಹೋಗುವುದಾದರೆ ನಿಮ್ಮಲ್ಲಿರುವ ನೆಗೆಟಿವ್ ಎಲ್ಲ ಜೋಪಾನವಾಗಿಡಿ. ನಾನೇ ಬಂದು ಸಾಕ್ಷಿ ಹೇಳುತ್ತೇನೆ. ಇಷ್ಟು ದಿನ ನಿಮ್ಮನ್ನು ಸಂಶಯದಿಂದ ನೋಡಿದ್ದಕ್ಕೆ ನಾಚಿಕೆಯಾಗುತ್ತಿದೆ.

ನಿಮ್ಮ ದುಃಖದಲ್ಲಿ ಭಾಗಿ,
ಹಫೀಜ್


ಜಾಲಹಳ್ಳಿ
6 ಏಪ್ರಿಲ್ 2024

ಹಫೀಜ್ ಅವರೇ,

ಅವಳು ಸತ್ತಿಲ್ಲ.

ಅವಳು ನನ್ನ ತಂಗಿ ಮೌನೇಶ್ವರಿ. ಏಳು ವರ್ಷದ ಹಿಂದೆ ಮಾನ್ವಿಯ ಗಿರಣಿ ಮಾಲೀಕರ ಮಗ ಕಿರಣಕುಮಾರನನ್ನು ಮೆಚ್ಚಿ ಮದುವೆಯಾದಳು. ಮೋಟರ್ ಸೈಕಲ್ ಮೇಲಿದ್ದವನು ಅವನೇ. ನಮ್ಮದು ಕೂಲಿ ಮಾಡಿ ಮೇಲೆ ಬಂದ ಮನೆ, ಊರ ಹೊರಗಿನ ಓಣಿ. ಅವರದು ಊರ ನಡುವಿನ ದೊಡ್ಡ ಮನೆ. ಹುಡುಗಿ ಬೇಕಾದರೆ ಇರಲಿ, ಅವಳ ಕಡೆಯವರು ಹೊಸ್ತಿಲ ಹತ್ತಿರ ಬರಕೂಡದು, ಅವಳು ತವರಿಗೆ ಹೋದರೆ ತಿರುಗಿ ಬರಕೂಡದು ಎಂದು ಅತ್ತೆ ಬಸವಂತಮ್ಮ ಹೇಳಿಬಿಟ್ಟಳು. ತಂಗಿಯ ಫೋನು ಅತ್ತೆಯ ಕಪಾಟಿನಲ್ಲಿರುತ್ತದೆ. ಅದಕ್ಕೇ ನಾನು ಚಹಾದಂಗಡಿಯ ಮರೆಗೆ ನಿಲ್ಲುತ್ತಿದ್ದೆ. ಅವ್ವನ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಪ್ರಿಂಟಿನಲ್ಲಿ ಮುಖ ಕಾಣುವುದಿಲ್ಲ. ಅದಕ್ಕೇ ದೊಡ್ಡದು ಕೇಳಿದೆ. ಇಷ್ಟೇ ಇದ್ದದ್ದು.

ಪಾರ್ಸಲ್ ಬಂದಾಗ ನಾನು ಶಾಲೆಯಲ್ಲಿದ್ದೆ. ಅವ್ವ ಪಕ್ಕದ ಮನೆಯ ವಿನೋದನ ಕೈಲಿ ಬಿಚ್ಚಿಸಿದಳು. "ನನ್ನ ಮಗಳ ಫೋಟೋ ಹೌದಿಲ್ಲೋ ನೋಡಪಾ" ಎಂದಳಂತೆ. ಅವನು ಕೆಳಗೆ ಬರೆದದ್ದನ್ನು ಓದಿದ: ಜನನ, ಮರಣ. ಆಮೇಲೆ ನಿಮ್ಮ ಕಾಗದವನ್ನೂ ಓದಿದ. ಸಹಜ ಸಾವಲ್ಲ ಎಂಬ ನಿಮ್ಮ ಮಾತನ್ನು ಓಣಿಯೆಲ್ಲ ಕೇಳಿತು. ನಾನು ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ಓಣಿಗೆ ಓಣಿಯೇ ಟೆಂಪೋ ಹತ್ತಿ ಮಾನ್ವಿಗೆ ಹೋಗಿತ್ತು.

ದೇವದುರ್ಗದಲ್ಲಿ ಬಸ್ಸು ಬದಲಿಸಿ ನಾನು ಮುಟ್ಟಿದಾಗ ಅವ್ವ ಆ ಕಬ್ಬಿಣದ ಗೇಟಿನ ಮುಂದೆ, ನೆಲದ ಮೇಲೆ, ಫೋಟೋ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನನ್ನ ಕೂಸಿನ ಹೆಣಾನರ ಕೊಡ್ರಿ ಯವ್ವಾ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಬೀದಿ ತುಂಬ ಜನ. ಬಸವಂತಮ್ಮ ಗೇಟಿನ ಒಳಗಿನಿಂದ, "ಯಾರ್ ಸತ್ತಾರ? ಯಾರ್ ಹೇಳ್ಯಾರ ನಿಮಗ? ಇದೇನೋ ಮಸಲತ್ತು ಅದ!" ಎನ್ನುತ್ತಿದ್ದಳು. ನನ್ನ ಹೆಗಲ ಮೇಲಿನ ಕ್ಯಾಮೆರಾ ಕಂಡದ್ದೇ ಕೈ ತೋರಿಸಿದಳು. "ಇಕಿನ ನೋಡ್ರಿ! ಗಿರಣಿ ಫೋಟೋ ಕದ್ದು ತಗೀತಿದ್ದಾಕಿ ಇಕಿನ. ಗಿರಣಿ ತಪಾಸಣಿಗೆ ಸರಕಾರದವರು ಕಳಿಸ್ಯಾರಂತ ತಿಳದು ನಾ ಮಾಳಿಗಿಗೆ ಯಾರೂ ಹೋಗಬ್ಯಾಡ್ರಿ ಅಂದೀನಿ." ಮಾಳಿಗೆ ಖಾಲಿಯಾದದ್ದು ನನ್ನಿಂದಲೇ.

ಅಷ್ಟರಲ್ಲಿ ಮೌನೇಶ್ವರಿ ಹೊರಗೆ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಗೇಟು ತೆರೆದು ಅವ್ವನ ತೊಡೆಯ ಮೇಲಿನ ಫೋಟೋ ನೋಡಿದಳು, ಕೆಳಗೆ ಬರೆದದ್ದನ್ನು ಓದಿದಳು. ಆಮೇಲೆ ಅವ್ವ ಮಗಳ ನಡುವೆ ಆದ ಮಾತು ನಿಮಗೆ ಬೇಕಿಲ್ಲ.

ಜೀವ ಇರುವವಳ ಫೋಟೋಕ್ಕೆ ಹಾರದ ಕೊಂಡಿ ಹಾಕಿದಿರಿ. ಬೇಕೆಂದೇ ಮಾಡಿದಿರೋ, ತಿಳಿಯದೆ ಮಾಡಿದಿರೋ ನನಗೆ ಗೊತ್ತಿಲ್ಲ. ಇನ್ನು ನನ್ನ ರೀಲು ನಿಮ್ಮಲ್ಲಿಗೆ ಬರುವುದಿಲ್ಲ.

ನಾಗವೇಣಿ


ರಾಯಚೂರು
12 ಏಪ್ರಿಲ್ 2024

ನಾಗವೇಣಿಯವರಿಗೆ,

ನಿಮ್ಮ ಕಾಗದ ಓದಿ ಅಂಗಡಿಯ ಬಾಗಿಲು ಎಳೆದುಕೊಂಡು ಕೂತೆ. ಹೆಂಡತಿ ಬಂದು "ಕ್ಯಾ ಹುವಾ ಜೀ?" ಎಂದಾಗ ಕಾಗದವನ್ನು ಅವಳಿಗೂ ಓದಿ ಹೇಳಿದೆ.

ನಮ್ಮ ಕಸಬಿನಲ್ಲಿ ಒಂದು ರಿವಾಜು ಇದೆ. ಗುಂಪಿನೊಳಗಿನ ಒಂದೇ ಮುಖ ದೊಡ್ಡದು ಮಾಡಿಕೊಡಿ, ಚೌಕಟ್ಟು ಹಾಕಿ, ಜಲ್ದಿ ಬೇಕು ಎಂದು ಯಾರಾದರೂ ಬಂದರೆ ಆ ಮುಖದವರು ತೀರಿಕೊಂಡಿದ್ದಾರೆ ಎಂದೇ ಅರ್ಥ. ಈ ಜಿಲ್ಲೆಯಲ್ಲಿ ಬಡವರ ಮನೆಯಲ್ಲಿ ಒಬ್ಬೊಬ್ಬರದೇ ಫೋಟೋ ಎಲ್ಲಿರುತ್ತದೆ? ಯಾರದೋ ಮದುವೆಯ ಗುಂಪಿನಿಂದ ಹೆಕ್ಕಿ ಕೊಡಬೇಕು. ನಾವು ಯಾರು, ಯಾವಾಗ, ಹೇಗೆ ಎಂದು ಕೇಳುವುದಿಲ್ಲ. ಅಳುತ್ತ ಬಂದವರನ್ನು ಮತ್ತೆ ಅಳಿಸಬಾರದು ಎಂದು ನನ್ನ ಉಸ್ತಾದ್ ಮಹಮ್ಮದ್ ಹುಸೇನ್ ಕಲಿಸಿದ್ದರು. ಫೋನ್ ನಂಬರಿನಿಂದ ಹಿಡಿದು ಎಲ್ಲದರ ಬಗ್ಗೆ ಪ್ರಶ್ನೆ ಕೇಳುವ ನಾನು ಕೇಳಬೇಕಾದಾಗ ಬಾಯಿ ಮುಚ್ಚಿದೆ. ನೀವು ನನ್ನನ್ನು ನಂಬದೆ ಹೇಳಲಿಲ್ಲ. ನಾನು ಎಲ್ಲ ತಿಳಿದವನ ಹಾಗೆ ಕೇಳಲಿಲ್ಲ.

ಬೇಕೆಂದು ಮಾಡಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಹಫೀಜ್


ರಾಯಚೂರು
20 ಜೂನ್ 2024

ನಾಗವೇಣಿಯವರಿಗೆ,

ಜವಾಬು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನನ್ನ ಹೆಸರು ತೆಗೆದರೆ ನೀವು ಬಸ್ಸಿನ ಕಿಟಕಿಯಾಚೆ ನೋಡುತ್ತೀರಂತೆ, ಗಡಿಗೆಪ್ಪ ಹೇಳಿದ.

ರೀಲು ಕಳಿಸಬೇಡಿ. ಒಂದೇ ಒಂದು ಸಂಗತಿ ತಿಳಿಸಿ. ನಿಮ್ಮ ಅವ್ವನನ್ನು ಆ ದಿನ ಒಳಗೆ ಕರೆದರೇ? ಅಥವಾ ಹೊಸ್ತಿಲಿನಿಂದಲೇ ಅಟ್ಟಿದರೇ? ಅಟ್ಟಿದ್ದರೆ ಆ ಪಾಪದಲ್ಲಿ ನನ್ನ ಪಾಲೂ ಇದೆ. ಊಟಕ್ಕೆ ಕೂತಾಗ ಅದೇ ನೆನಪಾಗುತ್ತದೆ.

ಹಫೀಜ್


ಮಾನ್ವಿ
25 ಆಗಸ್ಟ್ 2024

ಹಫೀಜ್ ಚಾಚಾ ಅವರಿಗೆ,

ನನ್ನ ಗುರುತು ಹೇಳಬೇಕಿಲ್ಲ. ನೀವು ಬಿಳಿ ಮೋಡದ ಮುಂದೆ ಕೂರಿಸಿದವಳು ನಾನೇ, ಮೌನೇಶ್ವರಿ. ಅಕ್ಕನಿಗೆ ಸಿಟ್ಟು ಇನ್ನೂ ಇಳಿದಿಲ್ಲ. ನಿಮ್ಮ ಜೂನ್ ತಿಂಗಳ ಕಾಗದ ನನ್ನ ಕೈಗಿಟ್ಟು "ನೀನ ಬರಿ ಬೇಕಾದ್ರ" ಎಂದಳು.

ಅಕ್ಕ ಕ್ಯಾಮೆರಾ ಹಿಡಿದು ನಿಲ್ಲುವುದು ನನಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಬಟ್ಟೆ ಹಿಂಡುತ್ತಿದ್ದೆ, ಅತ್ತೆಯ ಕಣ್ಣು ನನ್ನ ಬೆನ್ನ ಮೇಲೇ ಇರುತ್ತಿತ್ತು. ಗಿರಣಿ ಪೂಜೆಯ ದಿನ ಮಾತ್ರ ಬೇಕೆಂದೇ ತಿರುಗಿ ನಿಂತೆ. ಅವ್ವ ನನ್ನ ಮುಖ ನೋಡಲಿ ಎಂದು. ನನ್ನ ಗಂಡ ಕೆಟ್ಟವನಲ್ಲ, ಆದರೆ ತಾಯಿಯ ಮುಂದೆ ಅವನಿಗೆ ಬಾಯಿಲ್ಲ.

ನೀವು ಕೇಳಿದ ಆ ದಿನದ್ದು ಹೇಳುತ್ತೇನೆ. ಫೋಟೋದ ಕೆಳಗಿನ ಅಕ್ಷರ ಓದಿದಾಗ ನನಗೆ ನಿಮ್ಮ ಮೇಲಲ್ಲ, ಅವ್ವನ ಮೇಲೆ ಸಿಟ್ಟು ಬಂತು. ಬೀದಿಯ ಜನರ ಮುಂದೆಯೇ ಕೇಳಿಬಿಟ್ಟೆ. "ಏಳು ವರ್ಷ ಆತು ಬೇ. ಬದುಕಿದ್ದಾಗ ಒಂದ್ ದಿನ ಬರಲಿಲ್ಲ. ಸತ್ತೀನಂದ್ರ ಬಂದಿ?"

ಅವ್ವ ಕೂತಲ್ಲಿಂದಲೇ ನನ್ನನ್ನು ನೋಡಿದಳು. "ಬದುಕಿದ ಮಗಳ ಮನಿಗೆ ಬರಾಕ ಇವರ ಅಪ್ಪಣಿ ಬೇಕಾಗಿತ್ತು. ಸತ್ತ ಮಗಳ ಮನಿಗೆ ಬರಾಕ ಯಾರನ್ನ ಕೇಳ್ಲಿ?" ಎಂದಳು.

ಅವ್ವ ಎದ್ದು ಬಂದು ನನ್ನ ಹುಬ್ಬು, ಮೂಗು, ಕಿವಿ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ತೋಳಿನ ಸೆರಗು ಸರಿಸಿ ಬಾಸುಂಡೆ ಇವೆಯೇ ಎಂದು ನೋಡಿದಳು. ಇರಲಿಲ್ಲ. ಆದರೂ ಇನ್ನೊಂದು ತೋಳು ನೋಡಿದಳು. ನಾನು ಅತ್ತುಬಿಟ್ಟೆ ಚಾಚಾ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಈಗ ಅವ್ವ ಸಂತೆಯ ದಿನ ಬರುತ್ತಾಳೆ. ಗೇಟಿನಲ್ಲಿ ನಿಂತು ಗಟ್ಟಿಯಾಗಿ, "ನನ್ನ ಮಗಳು ಜೀವಂತ ಅದಾಳೋ ಇಲ್ಲೋ ನೋಡಾಕ ಬಂದೀನ್ರೀ" ಎನ್ನುತ್ತಾಳೆ. ಅಂದು ಬೀದಿಯೆಲ್ಲ ಕೇಳಿದೆಯಾದ್ದರಿಂದ ಯಾರೂ ಬೇಡವೆನ್ನುವ ಹಾಗಿಲ್ಲ. ಅತ್ತೆ ಒಳಗಿನಿಂದ ಕೂಗುತ್ತಾಳೆ: "ಏ ಮೌನೇಶ್ವರಿ, ಬಾ ಇಲ್ಲಿ, ಸತ್ತಿಲ್ಲಂತ ನಿಮ್ಮವ್ವಗ ತೋರ್ಸು!" ನಾವಿಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂರುತ್ತೇವೆ. ಅತ್ತೆ ಕಿಟಕಿಯಿಂದ ನೋಡುತ್ತಿರುತ್ತಾಳೆ. ಮಗಳನ್ನು ಕರೆದೊಯ್ಯಲು ಬಂದಿದ್ದಾಳೆಂದು ಅವಳಿಗೆ ಇನ್ನೂ ಗುಮಾನಿ.

ಹೋದ ಸಂತೆಗೆ ಅಕ್ಕನೂ ಬಂದಿದ್ದಳು. ಈ ಸಲ ತಟ್ಟಿಯ ಮರೆಯಿಲ್ಲ, ಎದುರಿಗೇ ನಿಂತು ನಮ್ಮಿಬ್ಬರ ಫೋಟೋ ತೆಗೆದಳು. ಅತ್ತೆ ಹೊರಗೆ ಬಂದು "ಎಲ್ಲಿ, ತೋರ್ಸು, ಏನ್ ತಗದಿ?" ಎಂದಳು. ಕ್ಯಾಮೆರಾದ ಬೆನ್ನಿನಲ್ಲಿ ಏನೂ ಇಲ್ಲದ್ದು ಕಂಡು ಅವಳ ಅನುಮಾನ ಇನ್ನೂ ಹೆಚ್ಚಾಯಿತು. "ಹದಿನೈದು ದಿನ ಕಾಯಬೇಕ್ರಿ" ಎಂದಳು ಅಕ್ಕ. "ಹಂಗಾದ್ರ ನಾನೂ ನಿಲ್ತೀನಿ. ನೀವ್ ಏನ್ ಮಾಡ್ತೀರಿ ಅಂತ ನೋಡಬೇಕು" ಎಂದು ಅತ್ತೆ ಒಂದು ತುದಿಗೆ ಬಂದು ನಿಂತಳು. ಅಂದಿನಿಂದ ಮೂರು ಸಲ ಕೇಳಿದ್ದಾಳೆ, ಕಣ್ಣು ಮುಚ್ಚಿದ್ದು ಬಂದಿದ್ದರೆ ಏನು ಮಾಡುವುದು ಎಂದು. ಅಕ್ಕ ನನ್ನ ಕೈಗಿಟ್ಟ ಆ ರೀಲನ್ನೇ ಇದರ ಜೊತೆ ಕಳಿಸಿದ್ದೇನೆ. ಯಾರ ಮುಖವನ್ನೂ ಬೇರೆ ಮಾಡದೆ, ಮೂವರನ್ನೂ ಇದ್ದ ಹಾಗೇ ಪ್ರಿಂಟು ಹಾಕಿ.

ಅಂದು ಫೋಟೋ ಆದ ಮೇಲೆ ಅತ್ತೆ ಒಳಗೆ ಹೋಗಿ ಒಂದು ಲೋಟ ಚಹಾ ತಂದು ಕಟ್ಟೆಯ ಮೇಲೆ ಇಟ್ಟಳು. ಮನೆಯವರು ಕುಡಿಯುವ ಸ್ಟೀಲ್ ಲೋಟವೇ, ಬೇರೆಯದಲ್ಲ. ಬಾಗಿಲಲ್ಲೇ ನಿಂತಳು. ಅವ್ವ ಲೋಟ ಮುಟ್ಟಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಏನ್ ಹಾಕ್ಯಾಳೋ ಏನೋ" ಎಂದಳು.

ನಾನು ಅರ್ಧ ಕುಡಿದು ತೋರಿಸಿದೆ. ಉಳಿದ ಅರ್ಧ ಅವ್ವ ಕುಡಿದಳು.

ನಿಮ್ಮ ಮಗಳ ಸಮಾನಳಾದ,
ಮೌನೇಶ್ವರಿ